ಠಾಣೆಯಿಂದ ತೀರ್ಪಿನವರೆಗೆ: ಅಪರಾಧ ನ್ಯಾಯ ವ್ಯವಸ್ಥೆ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಕ್ರಿಮಿನಲ್ ಪ್ರಕರಣಗಳು ಬಹಳಷ್ಟು ಸಲ ಹದಗೆಡುವುದು ಮೊದಲ ವಾರದಲ್ಲೇ. ದೂರು ತಡವಾಗಿರುತ್ತದೆ, ತಡವಾದ ಕಾರಣ ಬರೆದಿರುವುದಿಲ್ಲ. ಮಹಜರಿನಲ್ಲಿ (ಸ್ಥಳದಲ್ಲೇ ಸಾಕ್ಷಿಗಳ ಮುಂದೆ ಬರೆಯುವ ದಾಖಲೆಯಲ್ಲಿ) ಸಮಯ ನಮೂದಾಗಿರುವುದಿಲ್ಲ. ಜಪ್ತಿ ಮಾಡಿದ ಬಟ್ಟೆ ಠಾಣೆಯ ಮೂಲೆಯಲ್ಲೇ ಉಳಿದಿರುತ್ತದೆ. ವರ್ಷಗಳ ನಂತರ ಆರೋಪಿ ಖುಲಾಸೆಯಾದಾಗ ಜನ ನ್ಯಾಯಾಧೀಶರನ್ನು ದೂರುತ್ತಾರೆ. ಆದ್ದರಿಂದ ಈ ಪುಟದಲ್ಲಿ ಗಡುವು ಮತ್ತು ಕಾಗದಪತ್ರಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇವೆ. ಅಪರಾಧಶಾಸ್ತ್ರದ ವಿದ್ಯಾರ್ಥಿಗಳಿಗೂ, ದೂರು ಕೊಡಲು ಹೊರಟವರಿಗೂ, ಮನೆಯವರೊಬ್ಬರು ಬಂಧನದಲ್ಲಿರುವವರಿಗೂ ಇದು ಉಪಯೋಗಕ್ಕೆ ಬರಬೇಕೆಂಬುದು ನಮ್ಮ ಆಸೆ.

ಈಗ ಯಾವ ಕಾನೂನು ನಡೆಯುತ್ತಿದೆ? ಐಪಿಸಿ ಪೂರ್ತಿ ಹೋಯಿತೇ?

2024ರ ಜುಲೈ 1ರಿಂದ ಐಪಿಸಿ (ಭಾರತೀಯ ದಂಡ ಸಂಹಿತೆ) ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ (ಬಿಎನ್‌ಎಸ್), ಸಿಆರ್‌ಪಿಸಿ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ (ಬಿಎನ್‌ಎಸ್‌ಎಸ್), ಸಾಕ್ಷ್ಯ ಕಾಯ್ದೆಯ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ (ಬಿಎಸ್‌ಎ) ಬಂದಿವೆ. ಮೊದಲನೆಯದು ಯಾವುದು ಅಪರಾಧ, ಶಿಕ್ಷೆ ಎಷ್ಟು ಎನ್ನುತ್ತದೆ. ಎರಡನೆಯದು ದೂರಿನಿಂದ ತೀರ್ಪಿನವರೆಗಿನ ದಾರಿ. ಮೂರನೆಯದು ಏನನ್ನು ಹೇಗೆ ಸಾಬೀತು ಮಾಡಬೇಕು ಎನ್ನುವುದು.

ಆ ದಿನಕ್ಕೆ ಮುಂಚೆ ನಡೆದ ಕೃತ್ಯಕ್ಕೆ ಈಗಲೂ ಐಪಿಸಿಯೇ ಅನ್ವಯ. ಆಗಲೇ ನಡೆಯುತ್ತಿದ್ದ ವಿಚಾರಣೆಗಳು ಸಿಆರ್‌ಪಿಸಿ ಪ್ರಕಾರವೇ ಮುಂದುವರಿಯುತ್ತವೆ. ಹಾಗಾಗಿ ಇನ್ನೂ ಕೆಲವು ವರ್ಷ ಎರಡೂ ಲೆಕ್ಕದ ಕಲಮುಗಳನ್ನು ತಿಳಿದಿರಲೇಬೇಕು.

ಠಾಣೆಯಲ್ಲಿ "ಇದು ನಮ್ಮ ವ್ಯಾಪ್ತಿಗೆ ಬರಲ್ಲ" ಎಂದರೆ ಏನು ಮಾಡುವುದು?

ಆ ಉತ್ತರಕ್ಕೆ ಈಗ ಕಾನೂನಿನ ಬೆಂಬಲವಿಲ್ಲ. ಕೃತ್ಯ ಎಲ್ಲಿಯೇ ನಡೆದಿರಲಿ, ಸಂಜ್ಞೇಯ ಅಪರಾಧದ (ಅರ್ಥ ಮುಂದಿನ ಪ್ರಶ್ನೆಯಲ್ಲಿದೆ) ಮಾಹಿತಿಯನ್ನು ಯಾವ ಠಾಣೆಯಾದರೂ ದಾಖಲಿಸಬೇಕು ಎಂದು ಬಿಎನ್‌ಎಸ್‌ಎಸ್ 173ನೇ ಕಲಂ ಹೇಳುತ್ತದೆ. ಇದಕ್ಕೆ ಝೀರೋ ಎಫ್‌ಐಆರ್ ಎನ್ನುತ್ತಾರೆ. ಸೊನ್ನೆ ಸಂಖ್ಯೆ ಹಾಕಿ ದಾಖಲಿಸಿ, ಆಮೇಲೆ ವ್ಯಾಪ್ತಿಯ ಠಾಣೆಗೆ ವರ್ಗಾಯಿಸುವುದು ಅವರ ಕೆಲಸ. ಬೆಂಗಳೂರಿಗೆ ಬರುವ ರೈಲಿನಲ್ಲಿ ರಾಯಚೂರಿನ ಬಳಿ ಬ್ಯಾಗ್ ಕಿತ್ತುಕೊಂಡು ಹೋದರೆ ದೂರಿಗಾಗಿ ರಾಯಚೂರಿಗೆ ಮರಳಬೇಕಿಲ್ಲ. ಇಮೇಲ್ ಅಥವಾ ಪೋರ್ಟಲ್ ಮೂಲಕವೂ ದೂರು ಕಳಿಸಬಹುದು. ಹಾಗೆ ಕಳಿಸಿದರೆ 3 ದಿನದೊಳಗೆ ಠಾಣೆಗೆ ಹೋಗಿ ಸಹಿ ಹಾಕಬೇಕು, ಅದನ್ನು ಮರೆಯುವವರು ಬಹಳ ಜನ. ಎಫ್‌ಐಆರ್ ಪ್ರತಿಯನ್ನು ದೂರುದಾರರಿಗೆ ಅಥವಾ ಸಂತ್ರಸ್ತರಿಗೆ ಉಚಿತವಾಗಿ ಕೊಡಬೇಕು.

ಸಂಜ್ಞೇಯ, ಅಸಂಜ್ಞೇಯ ಎಂದರೇನು?

ಪೊಲೀಸರು ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ತನಿಖೆ ಶುರುಮಾಡಿ, ವಾರಂಟ್ ಇಲ್ಲದೆ ಬಂಧಿಸಬಹುದಾದದ್ದು ಸಂಜ್ಞೇಯ. ಕೊಲೆ, ದರೋಡೆ, ಅತ್ಯಾಚಾರ, ವಂಚಿಸಿ ಹಣ ಕಿತ್ತುಕೊಳ್ಳುವುದು ಈ ಗುಂಪಿನವು. ಮಾನಹಾನಿ, ಸಾಧಾರಣ ಪೆಟ್ಟು ಅಸಂಜ್ಞೇಯ. ಹೊಸ ಕಾನೂನಿನಲ್ಲಿ 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವಿನ ಕಳವು ಕೂಡ ಅಸಂಜ್ಞೇಯಕ್ಕೆ ಬಂದಿದೆ. ಆದ್ದರಿಂದ ಕಳೆದುಹೋದ ಮೊಬೈಲಿನ ಬಿಲ್ಲು ಇಟ್ಟುಕೊಂಡಿರುವುದು ಈಗ ಹಿಂದಿಗಿಂತ ಮುಖ್ಯ.

ಅಸಂಜ್ಞೇಯ ದೂರಿಗೆ ಠಾಣೆಯಲ್ಲಿ ಎನ್‌ಸಿಆರ್ (ಅಸಂಜ್ಞೇಯ ಪ್ರಕರಣದ ವರದಿ) ಬರೆದುಕೊಳ್ಳುತ್ತಾರೆ. ತನಿಖೆ ಬೇಕಾದರೆ 174ನೇ ಕಲಮಿನಡಿ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಪೊಲೀಸರ ಮನವಿಯ ಮೇಲೆ ಮ್ಯಾಜಿಸ್ಟ್ರೇಟರು "ಪರ್ಮಿಟೆಡ್" ಎಂಬ ಒಂದೇ ಪದ ಬರೆದು ಸಹಿ ಹಾಕಿದ ಹಲವು ಪ್ರಕರಣಗಳನ್ನು ಕರ್ನಾಟಕ ಹೈಕೋರ್ಟ್ ರದ್ದುಪಡಿಸಿದೆ. ಮನಸ್ಸಿಟ್ಟು ಪರಿಶೀಲಿಸಿದ್ದಕ್ಕೆ ಆದೇಶದಲ್ಲೇ ಗುರುತು ಇರಬೇಕು ಎಂಬುದು ಅದರ ನಿಲುವು. ಆ ಒಂದು ಸಾಲಿನ ಲೋಪದಿಂದ ಮುಂದಿನ ಅಷ್ಟೂ ತನಿಖೆ ವ್ಯರ್ಥವಾಗುತ್ತದೆ.

ಸಂಜ್ಞೇಯವಾದರೂ ಎಫ್‌ಐಆರ್ ಹಾಕುತ್ತಿಲ್ಲ. ಮುಂದೇನು?

ಸಂಜ್ಞೇಯ ಅಪರಾಧ ನಡೆದಿದೆ ಎಂದು ದೂರಿನಿಂದಲೇ ಕಂಡರೆ ಎಫ್‌ಐಆರ್ ಕಡ್ಡಾಯ ಎಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2013ರ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದೆ. ಹೊಸ ಕಾನೂನು ಒಂದು ಕಿಂಡಿ ಬಿಟ್ಟಿದೆ: 3 ವರ್ಷ ಅಥವಾ ಹೆಚ್ಚು, ಆದರೆ 7 ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಗಳಲ್ಲಿ ಡಿವೈಎಸ್‌ಪಿ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ನಡೆಸಬಹುದು. ಅರ್ಜಿ ವಿಚಾರಣೆ ಎಂದು ತಿಂಗಳುಗಟ್ಟಲೆ ಅಲೆಸಿದರೆ ಅದು ಈ ಕಿಂಡಿಯಲ್ಲಿ ಹಿಡಿಸುವುದಿಲ್ಲ.

ಕ್ರಮ ಹೀಗಿದೆ. ಮೊದಲು ಲಿಖಿತ ದೂರು ಕೊಟ್ಟು ಸ್ವೀಕೃತಿ ಅಥವಾ ಹಿಂಬರಹ ತೆಗೆದುಕೊಳ್ಳಿ. ಕೊಡದಿದ್ದರೆ ಅದೇ ದೂರನ್ನು ಜಿಲ್ಲೆಯಲ್ಲಿ ಎಸ್‌ಪಿಗೆ, ಕಮಿಷನರೇಟ್ ಇರುವ ನಗರದಲ್ಲಿ ಡಿಸಿಪಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಅದಕ್ಕೂ ಫಲ ಸಿಗದಿದ್ದರೆ 175(3)ನೇ ಕಲಮಿನಡಿ ಮ್ಯಾಜಿಸ್ಟ್ರೇಟರಿಗೆ ಅರ್ಜಿ. ಅದರೊಂದಿಗೆ ಪ್ರಮಾಣಪತ್ರ (ಅಫಿಡವಿಟ್) ಬೇಕು, ಮೊದಲ ಎರಡು ಹಂತ ದಾಟಿದ ದಾಖಲೆ ಬೇಕು. ನೇರವಾಗಿ ಕೋರ್ಟಿಗೆ ಹೋದ ಅರ್ಜಿಗಳು ತಿರಸ್ಕೃತವಾಗುವುದು ಬಹುತೇಕ ಈ ಅಂಚೆ ರಸೀದಿ ಇಲ್ಲದ ಕಾರಣಕ್ಕೆ. ಇನ್ನೊಂದು ದಾರಿ ಖಾಸಗಿ ದೂರು, ಅಂದರೆ ಮ್ಯಾಜಿಸ್ಟ್ರೇಟರಿಗೇ ಕೊಡುವ ದೂರು; ನಮ್ಮ ಕೋರ್ಟುಗಳಲ್ಲಿ ಪಿಸಿಆರ್ ಎಂದು ನಂಬರಾಗುವುದು ಅದೇ.

ದೂರಿನಲ್ಲಿ ಏನೇನು ಇರಬೇಕು?

ಘಟನೆಯ ದಿನ, ಸಮಯ, ಜಾಗ, ಯಾರು ಏನು ಮಾಡಿದರು, ನೀವು ಕಣ್ಣಾರೆ ಕಂಡದ್ದು ಯಾವುದು, ಇನ್ನೊಬ್ಬರಿಂದ ಕೇಳಿದ್ದು ಯಾವುದು, ಹೋದ ವಸ್ತುವಿನ ಗುರುತು, ಅಲ್ಲಿದ್ದ ಸಾಕ್ಷಿಗಳು. ಹೆಸರು ಗೊತ್ತಿಲ್ಲದಿದ್ದರೆ "ಅಪರಿಚಿತ" ಎಂದೇ ಬರೆಯಿರಿ, ಎತ್ತರ, ಮೈಕಟ್ಟು, ಬಟ್ಟೆ, ಮಾತಿನ ಧಾಟಿ ಸೇರಿಸಿ. ತಡವಾಗಿದ್ದರೆ ಏಕೆ ತಡ ಎಂಬುದು ದೂರಿನಲ್ಲೇ ಇರಲಿ. ಆಸ್ಪತ್ರೆಯಲ್ಲಿದ್ದೆ, ಮನೆಯವರೊಂದಿಗೆ ಮಾತನಾಡಿ ಧೈರ್ಯ ತಂದುಕೊಳ್ಳಬೇಕಾಯಿತು, ಯಾವುದಿದ್ದರೂ ಸರಿ. ಕಾರಣ ಹೇಳಿದ ತಡವನ್ನು ಕೋರ್ಟು ಒಪ್ಪುತ್ತದೆ. ಹೇಳದ ತಡವನ್ನು ಎದುರು ವಕೀಲರು "ಕಥೆ ಕಟ್ಟಲು ತೆಗೆದುಕೊಂಡ ಸಮಯ" ಎಂದು ತೋರಿಸುತ್ತಾರೆ.

ಕೋಪದಲ್ಲಿ ಮನೆಮಂದಿಯ ಹೆಸರನ್ನೆಲ್ಲ ಸೇರಿಸಬೇಡಿ. ಪಾತ್ರವಿಲ್ಲದ ಮೂವರ ಹೆಸರು ಸುಳ್ಳೆಂದು ಸಾಬೀತಾದರೆ ನಿಜವಾದ ನಾಲ್ಕನೆಯವನ ಮೇಲಿನ ಆರೋಪವೂ ಬಲ ಕಳೆದುಕೊಳ್ಳುತ್ತದೆ.

ಆನ್‌ಲೈನ್ ವಂಚನೆಯಲ್ಲಿ ಹಣ ಹೋಗಿದೆ. ಮೊದಲು ಠಾಣೆಗೋ, ಬ್ಯಾಂಕಿಗೋ?

ಮೊದಲು ಸೈಬರ್ ಸಹಾಯವಾಣಿ 1930ಕ್ಕೆ ಕರೆ. ವಂಚಕರು ಹಣವನ್ನು ಖಾತೆಯಿಂದ ಖಾತೆಗೆ ದಾಟಿಸುವ ಮುನ್ನ ತಡೆಹಿಡಿಯಲು ಇರುವ ವ್ಯವಸ್ಥೆ ಇದು. ಕರೆ ಮಾಡುವಾಗ ವಹಿವಾಟಿನ ಯುಟಿಆರ್ (ಗುರುತಿನ) ಸಂಖ್ಯೆ, ಮೊತ್ತ, ಸಮಯ, ನಿಮ್ಮ ಖಾತೆ ಸಂಖ್ಯೆ, ಹಣ ಹೋದ ಖಾತೆ ಅಥವಾ ಯುಪಿಐ ಐಡಿ ಕೈಯಲ್ಲಿರಲಿ. ಆಮೇಲೆ ಬ್ಯಾಂಕ್, ನಂತರ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆ ಅಥವಾ ಹತ್ತಿರದ ಠಾಣೆ. ತಡೆಹಿಡಿದ ಹಣ ತಾನಾಗಿ ವಾಪಸ್ ಬಂದುಬಿಡುತ್ತದೆ ಎಂದು ಕಾಯಬೇಡಿ. ಬಿಎನ್‌ಎಸ್‌ಎಸ್ 503ನೇ ಕಲಮಿನಡಿ ಕೋರ್ಟಿನಿಂದ ಬಿಡುಗಡೆ ಆದೇಶ ಕೇಳಬಹುದು. ಚಾಟ್‌ಗಳನ್ನು ಅಳಿಸಬೇಡಿ, ಫೋನ್ ರೀಸೆಟ್ ಮಾಡಬೇಡಿ.

ಬಂಧನಕ್ಕೂ ನೋಟಿಸಿಗೂ ಏನು ವ್ಯತ್ಯಾಸ?

7 ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನ ಅನಿವಾರ್ಯ ಎಂಬುದಕ್ಕೆ ಪೊಲೀಸರು ಕಾರಣ ಬರೆಯಬೇಕು. ಬಂಧನ ಅಗತ್ಯವಿಲ್ಲದಿದ್ದರೆ ಬಿಎನ್‌ಎಸ್‌ಎಸ್ 35(3) ನೋಟಿಸ್ ಕೊಟ್ಟು ಕರೆಸಬೇಕು. ಹಳೆಯವರ ಬಾಯಲ್ಲಿ ಇದು ಇನ್ನೂ 41ಎ ನೋಟಿಸ್. 2014ರ ಅರ್ನೇಶ್ ಕುಮಾರ್ ತೀರ್ಪು ಇದನ್ನು ಗಟ್ಟಿ ಮಾಡಿತು. ಈ ನೋಟಿಸನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಸಾಲದು ಎಂದು ಸುಪ್ರೀಂ ಕೋರ್ಟ್ 2025ರಲ್ಲಿ ಸ್ಪಷ್ಟಪಡಿಸಿದೆ. ನೋಟಿಸ್ ಬಂದರೆ ಹೋಗಿ. ಹೋಗದಿರುವುದೇ ಬಂಧನಕ್ಕೆ ಕಾರಣವಾಗುತ್ತದೆ.

ಬಂಧಿಸಿದರೆ ಕಾರಣ ತಿಳಿಸಬೇಕು, ಮನೆಯವರಿಗೆ ಅಥವಾ ಸ್ನೇಹಿತರಿಗೆ ಹೇಳಬೇಕು, ವೈದ್ಯಕೀಯ ತಪಾಸಣೆ ಮಾಡಿಸಬೇಕು, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಅಸಾಧಾರಣ ಸಂದರ್ಭ ಬಿಟ್ಟರೆ ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಮಹಿಳೆಯರನ್ನು ಬಂಧಿಸುವಂತಿಲ್ಲ. 3 ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧವಾಗಿದ್ದು ಆರೋಪಿ 60 ದಾಟಿದವರೋ ಅಶಕ್ತರೋ ಆಗಿದ್ದರೆ ಡಿವೈಎಸ್‌ಪಿ ಅನುಮತಿ ಬೇಕು.

ಅರೆಸ್ಟ್ ಮೆಮೊದಲ್ಲಿ ಬರೆದಿರುವ ಸಮಯವನ್ನು ನೋಡಿ. ಬೆಳಿಗ್ಗೆ ಮನೆಯಿಂದ ಕರೆದೊಯ್ದು ಮರುದಿನ ಸಂಜೆಯ ಬಂಧನ ಎಂದು ತೋರಿಸಿದ್ದರೆ, ಮ್ಯಾಜಿಸ್ಟ್ರೇಟರ ಮುಂದೆ ಮೊದಲ ದಿನವೇ ಬಾಯಿ ಬಿಟ್ಟು ಹೇಳಬೇಕು. ಮನೆ ಬಾಗಿಲಿನ ಸಿಸಿಟಿವಿ ದೃಶ್ಯ ಇಂಥ ಕಡೆ ಬಹಳ ಬೆಲೆಬಾಳುತ್ತದೆ.

60 ದಿನ, 90 ದಿನ ಎಂದು ವಕೀಲರು ಎಣಿಸುವುದು ಏನನ್ನು?

ದೋಷಾರೋಪ ಪಟ್ಟಿ ಸಲ್ಲಿಸಲು ಇರುವ ಗಡುವನ್ನು. ಮರಣದಂಡನೆ, ಜೀವಾವಧಿ ಅಥವಾ 10 ವರ್ಷ ಮತ್ತು ಅದಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧಗಳಿಗೆ 90 ದಿನ, ಉಳಿದವಕ್ಕೆ 60. ಅಷ್ಟರೊಳಗೆ ತನಿಖೆ ಮುಗಿಯದಿದ್ದರೆ, ಆರೋಪ ಎಷ್ಟೇ ಗಂಭೀರವಾಗಿರಲಿ, ಜಾಮೀನು ಹಕ್ಕಾಗುತ್ತದೆ. ಇದಕ್ಕೆ ಡಿಫಾಲ್ಟ್ ಬೇಲ್ ಎನ್ನುತ್ತಾರೆ. ಯುಎಪಿಎ (ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ) ಪ್ರಕರಣಗಳಲ್ಲಿ ಕೋರ್ಟು ಇದನ್ನು 180 ದಿನಕ್ಕೆ ವಿಸ್ತರಿಸಬಹುದು.

ಎಣಿಕೆ ಶುರುವಾಗುವುದು ಮ್ಯಾಜಿಸ್ಟ್ರೇಟರು ಮೊದಲ ಸಲ ಕಸ್ಟಡಿಗೆ ಒಪ್ಪಿಸಿದ ದಿನದಿಂದ. ಬಂಧನದ ದಿನವನ್ನು ಲೆಕ್ಕ ಹಿಡಿಯಬಾರದು. ರಿಮ್ಯಾಂಡ್ ಆದ ಆ ದಿನವೂ ಲೆಕ್ಕಕ್ಕೆ ಸೇರುತ್ತದೆ ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಮಾರ್ಚ್ 1ರಂದು ರಿಮ್ಯಾಂಡ್ ಆಗಿದ್ದರೆ ಏಪ್ರಿಲ್ 29ಕ್ಕೆ 60 ದಿನ ತುಂಬುತ್ತದೆ. 30ರಂದು ಹಕ್ಕು ಹುಟ್ಟುತ್ತದೆ. ಅಂದು ಬೆಳಿಗ್ಗೆಯೇ ಅರ್ಜಿ ಸಲ್ಲಿಸಬೇಕು. ಅರ್ಜಿ ಬೀಳುವ ಮುನ್ನ ದೋಷಾರೋಪ ಪಟ್ಟಿ ಬಂದುಬಿಟ್ಟರೆ ಹಕ್ಕು ಹೋಯಿತು. ಒಂದು ದಿನದ ಎಣಿಕೆ ತಪ್ಪಿ ತಿಂಗಳುಗಟ್ಟಲೆ ಜೈಲಿನಲ್ಲಿ ಉಳಿಯಬೇಕಾದೀತು. 2020ರ ಕೋವಿಡ್ ಲಾಕ್‌ಡೌನ್ ನಡುವೆಯೂ ಸುಪ್ರೀಂ ಕೋರ್ಟ್ ಈ ಗಡುವನ್ನು ಪೊಲೀಸರಿಗಾಗಿ ಸಡಿಲಿಸಲಿಲ್ಲ. ಸರಿಯಾದ ತೀರ್ಮಾನ ಅದು: ಮನುಷ್ಯನ ಸ್ವಾತಂತ್ರ್ಯ ಕಚೇರಿಯ ಅನುಕೂಲಕ್ಕೆ ಕಾಯುವಂಥದ್ದಲ್ಲ.

ಪೊಲೀಸ್ ಕಸ್ಟಡಿ ಒಟ್ಟು 15 ದಿನ ಮಾತ್ರ. ಹೊಸ ಕಾನೂನಿನಲ್ಲಿ ಅದನ್ನು ಮೊದಲ 40 ಅಥವಾ 60 ದಿನಗಳ ಅವಧಿಯಲ್ಲಿ (ಗಡುವು 60 ದಿನವಾದರೆ 40, 90 ಆದರೆ 60) ಬಿಡಿಬಿಡಿಯಾಗಿಯೂ ಕೇಳಬಹುದು. ಉಳಿದದ್ದು ನ್ಯಾಯಾಂಗ ಬಂಧನ, ಅಂದರೆ ಜೈಲು.

ವಿಚಾರಣೆಯೇ ಮುಗಿಯದೆ ವರ್ಷಗಟ್ಟಲೆ ಜೈಲಿನಲ್ಲಿರುವವರಿಗೆ?

ಬಿಎನ್‌ಎಸ್‌ಎಸ್ 479ನೇ ಕಲಂ: ಆರೋಪಕ್ಕಿರುವ ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲ ಒಳಗಿದ್ದರೆ ಜಾಮೀನಿನ ಮೇಲೆ ಬಿಡಬೇಕು; ಹಿಂದೆ ಶಿಕ್ಷೆಯಾಗದ ಮೊದಲ ಸಲದವರಾದರೆ ಮೂರನೇ ಒಂದು ಭಾಗ ಸಾಕು. ಮರಣದಂಡನೆ, ಜೀವಾವಧಿಯ ಆರೋಪಕ್ಕೆ ಮತ್ತು ಒಂದಕ್ಕಿಂತ ಹೆಚ್ಚು ಪ್ರಕರಣ ಬಾಕಿ ಇರುವವರಿಗೆ ಇದು ಅನ್ವಯಿಸದು. ಅವಧಿ ತುಂಬಿದವರ ಪರ ಕೋರ್ಟಿಗೆ ಅರ್ಜಿ ಹಾಕುವ ಹೊಣೆ ಜೈಲ್ ಸೂಪರಿಂಟೆಂಡೆಂಟರದ್ದು. ವಕೀಲರಿಗೆ ಹಣವಿಲ್ಲದಿದ್ದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ, ಅಥವಾ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಬಂಧನದಲ್ಲಿರುವವರು ಆದಾಯ ಎಷ್ಟಿದ್ದರೂ ಉಚಿತ ನೆರವಿಗೆ ಅರ್ಹರು.

ಆರೋಪಿ ಪೊಲೀಸರ ಮುಂದೆ ತಪ್ಪೊಪ್ಪಿಕೊಂಡ ಎಂದು ಸುದ್ದಿ ಬರುತ್ತದೆ. ಮತ್ತೆ ಖುಲಾಸೆ ಹೇಗೆ?

ಪೊಲೀಸ್ ಅಧಿಕಾರಿಯ ಮುಂದಿನ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ ಎನ್ನುತ್ತದೆ ಬಿಎಸ್‌ಎ 23ನೇ ಕಲಂ. ಒಂದೇ ವಿನಾಯಿತಿ: ಆತ ಕೊಟ್ಟ ಮಾಹಿತಿಯಿಂದ ಹೊಸ ಸಂಗತಿಯೊಂದು ಪತ್ತೆಯಾದರೆ, ಆ ಪತ್ತೆಗೆ ನೇರವಾಗಿ ಸಂಬಂಧಿಸಿದ ಮಾತಿನ ಭಾಗ ಮಾತ್ರ. "ಮಚ್ಚಿನಿಂದ ಅವನನ್ನು ಕೊಂದೆ, ಮಚ್ಚನ್ನು ತೋಟದ ಬಾವಿಯ ಪಕ್ಕ ಹೂತಿದ್ದೇನೆ, ತೋರಿಸುತ್ತೇನೆ" ಎಂದರೆ ಕೊಂದೆ ಎಂಬುದು ಬಿದ್ದುಹೋಗುತ್ತದೆ, ಹೂತಿದ್ದೇನೆ ಎಂಬುದು ಉಳಿಯುತ್ತದೆ. 1946ರ ಪುಲುಕುರಿ ಕೋಟಯ್ಯ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ (ಬ್ರಿಟಿಷರ ಕಾಲದ ಅಂತಿಮ ಮೇಲ್ಮನವಿ ಪೀಠ) ಎಳೆದ ಗೆರೆ ಇದು, ಇಂದಿಗೂ ಅಳಿಸಿಲ್ಲ.

ಆ ಉಳಿದ ಭಾಗವೂ ಹೇಗೆ ಕೆಡುತ್ತದೆ? ಆರೋಪಿಯ ಮಾತನ್ನು ಅವನ ಶಬ್ದಗಳಲ್ಲೇ ಬರೆದುಕೊಳ್ಳದೆ ತನಿಖಾಧಿಕಾರಿ ತನ್ನ ಭಾಷೆಯಲ್ಲಿ ಬರೆಯುವುದು. ಪಂಚರನ್ನು (ಮಹಜರಿಗೆ ಸಾಕ್ಷಿಯಾಗುವವರನ್ನು) ಹೇಳಿಕೆಯ ಹೊತ್ತಿಗೆ ಕರೆಯದೆ ನೇರ ಜಾಗಕ್ಕೆ ಕರೆಸುವುದು. ಎಲ್ಲರೂ ಓಡಾಡುವ ಬಯಲಿನಿಂದ ಆಯುಧ ತೆಗೆಯುವುದು. ಮಹಜರಿಗೆ ಪ್ರತಿಸಲ ಅದೇ ಇಬ್ಬರನ್ನು ಪಂಚರಾಗಿ ಕೂರಿಸುವುದು. 2022ರಲ್ಲಿ ಕರ್ನಾಟಕದ್ದೇ ಒಂದು ಕೊಲೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇಂಥ ಲೋಪಗಳನ್ನು ವಿವರವಾಗಿ ಎತ್ತಿ ತೋರಿಸಿ ಆರೋಪಿಯನ್ನು ಬಿಡುಗಡೆ ಮಾಡಿತು.

ಮಂಪರು ಪರೀಕ್ಷೆಯ ಬಗ್ಗೆಯೂ ಇಲ್ಲೇ ಹೇಳಬೇಕು. 2010ರ ಸೆಲ್ವಿ ವಿರುದ್ಧ ಕರ್ನಾಟಕ ಸರ್ಕಾರ ತೀರ್ಪಿನ ನಂತರ ಒಪ್ಪಿಗೆ ಇಲ್ಲದೆ ನಾರ್ಕೊ, ಸುಳ್ಳು ಪತ್ತೆ, ಬ್ರೈನ್ ಮ್ಯಾಪಿಂಗ್ ಯಾವುದನ್ನೂ ಮಾಡುವಂತಿಲ್ಲ. ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಯಾರನ್ನೂ ಒತ್ತಾಯಿಸಬಾರದೆಂಬ ಸಂವಿಧಾನದ 20(3)ನೇ ವಿಧಿ ಇದಕ್ಕೆ ಆಧಾರ.

ಸಾಕ್ಷಿ ಹೇಳಿಕೆಗೆ ಠಾಣೆಯಲ್ಲಿ ಸಹಿ ಹಾಕಬೇಕೇ?

ಬೇಡ. ತನಿಖೆಯಲ್ಲಿ ಪೊಲೀಸರು ಬರೆದುಕೊಂಡ ಸಾಕ್ಷಿ ಹೇಳಿಕೆಗೆ ಸಹಿ ಪಡೆಯಬಾರದು ಎಂದು ಕಾನೂನೇ ಹೇಳುತ್ತದೆ. ಮಹಜರು ಬೇರೆ, ಅದಕ್ಕೆ ಪಂಚರು ಸಹಿ ಹಾಕುತ್ತಾರೆ. ಆದರೆ ಓದದೆ, ಖಾಲಿ ಹಾಳೆಗೆ ಎಂದೂ ಹಾಕಬೇಡಿ.

ಎಫ್‌ಎಸ್‌ಎಲ್ (ವಿಧಿವಿಜ್ಞಾನ ಪ್ರಯೋಗಾಲಯ) ವರದಿ ಬಂದರೂ ಸಾಕ್ಷ್ಯ ಬೀಳುವುದು ಏಕೆ?

ವಸ್ತು ಕೈ ಬದಲಾಯಿಸಿದ ಪ್ರತಿ ಹೆಜ್ಜೆಗೂ ಲೆಕ್ಕ ಸಿಗದಿದ್ದಾಗ. ಜಪ್ತಿಯ ಮಹಜರು, ಪಿಎಫ್ (ಜಪ್ತಿ ವಸ್ತುವಿನ ನಮೂನೆ) ನಂಬರ್, ಮೊಹರಿನ ಮಾದರಿ, ಯಾವ ಸಿಬ್ಬಂದಿ ಯಾವ ದಿನ ಒಯ್ದರು, ಪ್ರಯೋಗಾಲಯದಲ್ಲಿ ಮೊಹರು ಸರಿಯಿತ್ತೇ: ಈ ಸರಪಳಿಯಲ್ಲಿ ಒಂದು ಕೊಂಡಿ ಕಾಣೆಯಾದರೂ ಅನುಮಾನದ ಲಾಭ ಆರೋಪಿಗೆ. ರಕ್ತದ ಕಲೆಯ ಬಟ್ಟೆಯನ್ನು ಹಸಿಯಾಗಿಯೇ ಪ್ಲಾಸ್ಟಿಕ್ ಕವರಿಗೆ ತುರುಕಿದರೆ ತೇವಕ್ಕೆ ಬೂಷ್ಟು ಬಂದು ಡಿಎನ್‌ಎ ಹಾಳಾಗುತ್ತದೆ. ನೆರಳಿನಲ್ಲಿ ಒಣಗಿಸಿ, ಒಂದೊಂದು ಬಟ್ಟೆಯನ್ನು ಪ್ರತ್ಯೇಕ ಕಾಗದದ ಕವರಿನಲ್ಲಿ ಇಡಬೇಕು.

ಈಗ ಶೋಧ, ಜಪ್ತಿಗಳನ್ನು ವಿಡಿಯೊ ಮಾಡಿ ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ಮೊಬೈಲ್, ಸಿಸಿಟಿವಿ ದತ್ತಾಂಶದ ನಕಲು ಕೊಡುವಾಗ ಬಿಎಸ್‌ಎ 63ನೇ ಕಲಮಿನ ಪ್ರಮಾಣಪತ್ರ ಬೇಕು. ಅದರಲ್ಲಿ ಎರಡು ಭಾಗ: ಸಾಧನದ ಹೊಣೆ ಇದ್ದವರು ತುಂಬುವುದು ಒಂದು, ತಜ್ಞರು ತುಂಬುವುದು ಇನ್ನೊಂದು. ಎರಡರಲ್ಲೂ ಕಡತದ ಹ್ಯಾಶ್ ಮೌಲ್ಯ (ಕಡತದಿಂದ ಕಂಪ್ಯೂಟರ್ ಲೆಕ್ಕ ಹಾಕಿ ಕೊಡುವ ಗುರುತು ಸಂಕೇತ) ಬರೆಯಬೇಕು. ಕಡತದಲ್ಲಿ ಒಂದಕ್ಷರ ಬದಲಾದರೂ ಹ್ಯಾಶ್ ಬದಲಾಗುತ್ತದೆ, ಹಾಗಾಗಿ ತಿದ್ದಿಲ್ಲ ಎಂಬುದಕ್ಕೆ ಅದೇ ಗುರುತು. ಅನೇಕ ಸಿಸಿಟಿವಿಗಳು ಕೆಲವೇ ದಿನಗಳಲ್ಲಿ ಹಳೆಯ ದೃಶ್ಯದ ಮೇಲೆ ಹೊಸದನ್ನು ಬರೆದುಬಿಡುತ್ತವೆ, ದೂರಿನಲ್ಲೇ ಕ್ಯಾಮೆರಾ ಇರುವ ಜಾಗ ಸೂಚಿಸಿ.

ಬಿ ರಿಪೋರ್ಟ್, ಸಿ ರಿಪೋರ್ಟ್ ಎಂದರೇನು?

ತನಿಖೆಯಲ್ಲಿ ಆರೋಪಕ್ಕೆ ಆಧಾರ ಸಿಗಲಿಲ್ಲ ಎಂದು ಪ್ರಕರಣ ಮುಕ್ತಾಯಗೊಳಿಸುವುದು ಬಿ ರಿಪೋರ್ಟ್. ಅಪರಾಧ ನಡೆದಿದೆ, ಮಾಡಿದವರು ಪತ್ತೆಯಾಗಿಲ್ಲ ಎಂಬುದು ಸಿ ರಿಪೋರ್ಟ್. ಬಿ ರಿಪೋರ್ಟ್ ಒಪ್ಪುವ ಮುನ್ನ ಮ್ಯಾಜಿಸ್ಟ್ರೇಟರು ದೂರುದಾರರಿಗೆ ನೋಟಿಸ್ ಕೊಡಬೇಕು. ಆಗ ತಕರಾರು ಅರ್ಜಿ ಸಲ್ಲಿಸಬಹುದು. "ನನಗೆ ಒಪ್ಪಿಗೆ ಇಲ್ಲ" ಎಂದಷ್ಟೇ ಬರೆದರೆ ಪ್ರಯೋಜನವಿಲ್ಲ. ಯಾವ ಸಾಕ್ಷಿಯನ್ನು ವಿಚಾರಿಸಲಿಲ್ಲ, ಯಾವ ದಾಖಲೆ ತರಿಸಲಿಲ್ಲ ಎಂದು ಒಂದೊಂದಾಗಿ ತೋರಿಸಬೇಕು. ತನಿಖೆ ಎಲ್ಲಿಗೆ ಬಂತು ಎಂದು 90 ದಿನದೊಳಗೆ ದೂರುದಾರರಿಗೆ ತಿಳಿಸುವುದೂ ಈಗ ಪೊಲೀಸರ ಕರ್ತವ್ಯ.

ಇಬ್ಬರೂ ರಾಜಿಯಾದರೆ ದೂರು ವಾಪಸ್ ಪಡೆಯಬಹುದೇ?

ಎಫ್‌ಐಆರ್ ಆದ ಮೇಲೆ ಪ್ರಕರಣ ಸರ್ಕಾರದ್ದು. ಬಿಎನ್‌ಎಸ್‌ಎಸ್ 359ನೇ ಕಲಮಿನ ಪಟ್ಟಿಯಲ್ಲಿರುವ ಅಪರಾಧಗಳಲ್ಲಿ ಕೋರ್ಟಿನ ಮುಂದೆ ರಾಜಿ ಸಾಧ್ಯ. ಪಟ್ಟಿಯಲ್ಲಿಲ್ಲದ, ಖಾಸಗಿ ಸ್ವರೂಪದ ಜಗಳವಾದರೆ 528ನೇ ಕಲಮಿನಡಿ ಹೈಕೋರ್ಟಿಗೆ ಹೋಗಿ ರದ್ದು ಕೋರಬಹುದು. ಕೊಲೆ, ಅತ್ಯಾಚಾರದಂಥವು ರಾಜಿಯಿಂದ ಮುಗಿಯುವುದಿಲ್ಲ.

ಪತ್ರಿಕೆಯಲ್ಲಿ "ಅಪರಾಧ ಹೆಚ್ಚಳ" ಎಂದು ಅಂಕಿಅಂಶ ಬರುತ್ತದೆ. ನಂಬಬಹುದೇ?

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಎಣಿಸುವುದು ದಾಖಲಾದ ಪ್ರಕರಣಗಳನ್ನು. ದಾಖಲಾಗದೇ ಉಳಿದವುಗಳಿಗೆ ಅಪರಾಧಶಾಸ್ತ್ರದಲ್ಲಿ ಕತ್ತಲ ಅಂಕಿ ಎನ್ನುತ್ತಾರೆ. ಮನೆಯೊಳಗಿನ ಹಿಂಸೆ, ಲೈಂಗಿಕ ದೌರ್ಜನ್ಯ, ಸಣ್ಣ ಕಳ್ಳತನಗಳಲ್ಲಿ ಇದು ದೊಡ್ಡದು. ಮಹಿಳೆಯರು ಧೈರ್ಯವಾಗಿ ದೂರು ಕೊಡುವ, ಠಾಣೆ ಮರ್ಯಾದೆಯಿಂದ ಬರೆದುಕೊಳ್ಳುವ ಜಿಲ್ಲೆಯಲ್ಲಿ ಸಂಖ್ಯೆ ಏರಿದಂತೆ ಕಾಣುತ್ತದೆ. ದೂರುದಾರರನ್ನು ಓಡಿಸುವ ಠಾಣೆಯ ಲೆಕ್ಕ ಹಸನಾಗಿರುತ್ತದೆ. ಸಂಖ್ಯೆ ಕಡಿಮೆ ಮಾಡಿ ಎಂದು ಠಾಣಾಧಿಕಾರಿಗಳ ಮೇಲೆ ಒತ್ತಡ ಹೇರುವುದು ಇದೇ ಕಾರಣಕ್ಕೆ ಅಪಾಯಕಾರಿ.

ಇನ್ನೂ ಎರಡು ವಿಷಯ ನೆನಪಿಡಿ. ಒಂದೇ ಎಫ್‌ಐಆರ್‌ನಲ್ಲಿ ಕೊಲೆ, ಸುಲಿಗೆ ಎರಡೂ ಇದ್ದರೆ ಲೆಕ್ಕಕ್ಕೆ ಬರುವುದು ಹೆಚ್ಚು ಶಿಕ್ಷೆಯ ಕೊಲೆ ಮಾತ್ರ. ಊರಿಂದ ಊರಿಗೆ ಹೋಲಿಸುವಾಗ ಒಟ್ಟು ಸಂಖ್ಯೆ ಬಿಟ್ಟು ಲಕ್ಷ ಜನಸಂಖ್ಯೆಗೆ ಎಷ್ಟು ಎಂಬ ದರ ನೋಡಿ.

ಶಿಕ್ಷೆಯ ಪ್ರಮಾಣವನ್ನೂ ಜನ ತಪ್ಪಾಗಿ ಓದುತ್ತಾರೆ. ಉದಾಹರಣೆಗೆ ವರ್ಷಕ್ಕೆ 100 ಎಫ್‌ಐಆರ್ ಆಗಿ, ಆ ವರ್ಷ ಕೋರ್ಟಿನಲ್ಲಿ 20 ಪ್ರಕರಣ ಮುಗಿದು, 12ರಲ್ಲಿ ಶಿಕ್ಷೆಯಾದರೆ ಪ್ರಮಾಣ 60 ಪ್ರತಿಶತ. ಭಾಗಿಸುವುದು ವಿಚಾರಣೆ ಮುಗಿದ 20ರಿಂದ, ನೂರರಿಂದಲ್ಲ. ಆ 20 ಕೂಡ ಬಹುತೇಕ ಹಿಂದಿನ ವರ್ಷಗಳವು.

ಕಠಿಣ ಶಿಕ್ಷೆ ಕೊಟ್ಟರೆ ಅಪರಾಧ ನಿಲ್ಲುವುದೇ?

ಇಟಲಿಯ ಚೆಜರೆ ಬೆಕ್ಕಾರಿಯಾ 1764ರಲ್ಲೇ ಹೇಳಿದ ಮಾತು ಇಂದಿಗೂ ಗಟ್ಟಿ: ಅಪರಾಧವನ್ನು ತಡೆಯುವುದು ಶಿಕ್ಷೆಯ ಕ್ರೌರ್ಯಕ್ಕಿಂತ ಅದು ತಪ್ಪದೇ ಬರುತ್ತದೆಂಬ ಖಾತ್ರಿ. ಸಿಕ್ಕಿಬೀಳುವುದಿಲ್ಲ ಎಂದು ನಂಬಿದವನಿಗೆ ಶಿಕ್ಷೆ 7 ವರ್ಷವಾದರೇನು, 14 ವರ್ಷವಾದರೇನು?

1979ರಲ್ಲಿ ಕೋಹೆನ್ ಮತ್ತು ಫೆಲ್ಸನ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞರು ಇದನ್ನು ಇನ್ನೊಂದು ಕಡೆಯಿಂದ ನೋಡಿದರು. ಮಾಡಲು ಸಿದ್ಧನಿರುವವನು, ಸುಲಭದ ಗುರಿ, ಕಾಯುವವರ ಗೈರುಹಾಜರಿ ಈ ಮೂರೂ ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ ಕೂಡಿದಾಗ ಅಪರಾಧ ನಡೆಯುತ್ತದೆ. ನಸುಕಿನಲ್ಲಿ ಖಾಲಿ ಬೀದಿ, ರಂಗೋಲಿ ಹಾಕುತ್ತಿರುವ ಒಂಟಿ ಮಹಿಳೆ, ಬೈಕಿನಲ್ಲಿ ಬಂದ ಇಬ್ಬರು: ಸರಗಳ್ಳತನದಲ್ಲಿ ಈ ಮೂರನ್ನೂ ಬೆರಳಿಟ್ಟು ತೋರಿಸಬಹುದು. ಬೀದಿ ದೀಪ ಸರಿಪಡಿಸಿ, ಆ ಹೊತ್ತಿಗೆ ಗಸ್ತು ಹಾಕಿದರೆ ಕಾಯುವವರ ಗೈರುಹಾಜರಿ ಎಂಬ ಅಂಶ ಕಳಚುತ್ತದೆ. ಮಹಿಳೆ ಹೊರಬರಬಾರದು ಎಂಬುದು ಇದರ ಅರ್ಥವಲ್ಲ, ಹಾಗೆ ಅರ್ಥ ಮಾಡುವವರು ಸಿದ್ಧಾಂತವನ್ನು ತಲೆಕೆಳಗೆ ಹಿಡಿದಿದ್ದಾರೆ.

ಆರೋಪವನ್ನು "ಸಂಶಯಾತೀತವಾಗಿ" ಸಾಬೀತು ಮಾಡಬೇಕೆಂಬ ಮಾನದಂಡ ಅತಿಯಾಯಿತಲ್ಲವೇ?

ಈ ಪ್ರಶ್ನೆ ನಮ್ಮವರಿಂದಲೇ ಗಂಭೀರವಾಗಿ ಎದ್ದಿತ್ತು. ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ.ಎಸ್. ಮಳಿಮಠ ಅವರ ಅಧ್ಯಕ್ಷತೆಯ ಸಮಿತಿ 2003ರ ವರದಿಯಲ್ಲಿ, ಈ ಮಾನದಂಡವನ್ನು ಸ್ವಲ್ಪ ಸಡಿಲಿಸಬೇಕು, ಎಸ್‌ಪಿ ದರ್ಜೆಯ ಅಧಿಕಾರಿಯ ಮುಂದಿನ ತಪ್ಪೊಪ್ಪಿಗೆಯನ್ನು ಒಪ್ಪಬೇಕು ಎಂದು ಸೂಚಿಸಿತು. ಸಂತ್ರಸ್ತರಿಗೆ ವಿಚಾರಣೆಯಲ್ಲಿ ಹೆಚ್ಚು ಪಾಲು ಬೇಕೆಂಬ ಅದರ ಕಾಳಜಿ ಮೆಚ್ಚತಕ್ಕದ್ದು. ಮೊದಲಿನ ಎರಡು ಸಲಹೆಗಳು 2023ರ ಹೊಸ ಕಾನೂನುಗಳಲ್ಲೂ ಸೇರಲಿಲ್ಲ, ಸೇರದಿದ್ದದ್ದೇ ಒಳ್ಳೆಯದಾಯಿತು ಎಂಬುದು ನಮ್ಮ ಅಭಿಪ್ರಾಯ. ತನಿಖೆ ಸಡಿಲವಾಗಿದ್ದು ಸಾಬೀತಿನ ಮಾನದಂಡವೂ ಸಡಿಲವಾದರೆ, ಆ ಕಂದಕಕ್ಕೆ ಮೊದಲು ಬೀಳುವವರು ವಕೀಲರನ್ನಿಡಲಾಗದ ಬಡವರು.

ಆರೋಪಿ ಸಿಗದಿದ್ದರೆ, ಖುಲಾಸೆಯಾದರೆ ಸಂತ್ರಸ್ತರಿಗೆ ಏನೂ ಇಲ್ಲವೇ?

ಇದೆ. ಬಿಎನ್‌ಎಸ್‌ಎಸ್ 396ನೇ ಕಲಂ ಮತ್ತು ಕರ್ನಾಟಕದ ಸಂತ್ರಸ್ತರ ಪರಿಹಾರ ಯೋಜನೆಯಡಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ಆರೋಪಿ ಪತ್ತೆಯಾಗದಿದ್ದರೂ ಪರಿಹಾರ ಸಿಗುತ್ತದೆ. ಪ್ರಥಮ ಚಿಕಿತ್ಸೆ ಮತ್ತು ವೈದ್ಯಕೀಯ ಖರ್ಚಿಗೆ ಮಧ್ಯಂತರ ನೆರವನ್ನೂ ಕೇಳಬಹುದು. ಎಫ್‌ಐಆರ್ ಪ್ರತಿ, ಗಾಯದ ಪ್ರಮಾಣಪತ್ರ, ಆಸ್ಪತ್ರೆಯ ಬಿಲ್ಲುಗಳು, ಬ್ಯಾಂಕ್ ಪಾಸ್‌ಬುಕ್ ಜೊತೆಗಿಟ್ಟುಕೊಂಡು ಹೋಗಿ. ಅರ್ಜಿಗೆ ವಕೀಲರು ಬೇಕೆಂದಿಲ್ಲ, ಬರೆಯಲು ಪ್ರಾಧಿಕಾರದ ಅರೆಕಾಲಿಕ ಕಾನೂನು ಸ್ವಯಂಸೇವಕರ ಸಹಾಯ ಕೇಳಬಹುದು.